ಸ್ಟ್ಯಾಂಡಪ್‌ನಲ್ಲಿ ಯಾರೂ ಹೇಳದ ಮಾತು

ಬೆಳಿಗ್ಗೆ ಹತ್ತು ಗಂಟೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಆಫೀಸು. ಗೋಡೆಗೆ ಹಾಕಿದ ದೊಡ್ಡ ಪರದೆಯ ಮುಂದೆ ಹದಿನಾಲ್ಕು ಜನ ನಿಂತಿದ್ದೇವೆ. ಇದು ಸ್ಟ್ಯಾಂಡಪ್, ಅಂದರೆ ಸಾಫ್ಟ್‌ವೇರ್ ತಂಡ ದಿನಾ ನಿಂತುಕೊಂಡೇ ಮಾಡುವ ಸಣ್ಣ ಮೀಟಿಂಗು. ಪರದೆಯ ಮೇಲೆ ಜಿರಾ ಬೋರ್ಡು, ಅಂದರೆ ಯಾವ ಕೆಲಸ ಎಲ್ಲಿಗೆ ಬಂದಿದೆ ಅಂತ ತೋರಿಸುವ ಪಟ್ಟಿ. ಅದರಲ್ಲಿನ ಒಂದೊಂದು ಕೆಲಸಕ್ಕೆ ಟಿಕೆಟ್ ಅನ್ನುತ್ತೇವೆ. ಒಬ್ಬೊಬ್ಬರ ಸರದಿ ಬಂದಾಗಲೂ ಅದೇ ಮೂರು ಮಾತು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನಾದರೂ ಅಡ್ಡಿ ಇದೆಯಾ. ಮಾತಾಡುವವರು ಪಕ್ಕದವರ ಕಡೆ ತಿರುಗುವುದಿಲ್ಲ. ಎಲ್ಲರೂ ಮ್ಯಾನೇಜರ್ ಮುಖ ನೋಡಿಕೊಂಡೇ ಹೇಳುತ್ತಾರೆ. ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ್ದು ನಲವತ್ತು ನಿಮಿಷ ಎಳೆಯುತ್ತದೆ. ಹಿಂದೆ ನಿಂತವರು ಫೋನ್ ನೋಡುತ್ತಿರುತ್ತಾರೆ.

ಆ ತಂಡಕ್ಕೆ ಹಾಸನದ ಕಡೆಯ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು. ಕಾಲೇಜು ಮುಗಿಸಿ ಒಂದು ವರ್ಷ ಆಗಿತ್ತಷ್ಟೇ. ಸೋಮವಾರ ಹೇಳಿದಳು: "ಪೇಮೆಂಟ್ ಟಿಕೆಟ್ ನೋಡ್ತಿದ್ದೀನಿ, ನೋ ಬ್ಲಾಕರ್ಸ್." ಮಂಗಳವಾರವೂ ಅದೇ. ಬುಧವಾರವೂ ಅದೇ. ಗುರುವಾರ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಗೊತ್ತಾಯಿತು, ಅವಳಿಗೆ ಟೆಸ್ಟ್ ಡೇಟಾಬೇಸಿನ ಆಕ್ಸೆಸ್ ಸಿಕ್ಕೇ ಇರಲಿಲ್ಲ. ಮೂರೂವರೆ ದಿನ ಒಬ್ಬಳೇ ಕೂತು ಹಳೇ ಕೋಡ್ ಓದುತ್ತಿದ್ದಳು. ಆಕ್ಸೆಸ್ ಕೊಡಿಸುವುದು ನನಗೆ ಹತ್ತು ನಿಮಿಷದ ಕೆಲಸ.

"ಬೆಳಿಗ್ಗೆ ಹೇಳಬಾರದಿತ್ತಾ?" ಅಂದೆ.

"ಎಲ್ಲರ ಮುಂದೆ ಹೇಗೆ ಹೇಳೋದು ಸರ್? ಇಷ್ಟೂ ಗೊತ್ತಿಲ್ವಾ ಇವಳಿಗೆ ಅಂದುಕೊಂಡ್ರೆ?"

ಆ ಉತ್ತರ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ತಪ್ಪು ಅವಳದಲ್ಲ. ಆ ಹದಿನಾಲ್ಕು ಜನರಲ್ಲಿ ನಾನೂ ಒಬ್ಬ, ಅದೂ ಹಿರಿಯ. ನಾನೂ ಹಿಂದಿನ ವಾರ "ಆಲ್ಮೋಸ್ಟ್ ಆಗಿದೆ" ಅಂದಿದ್ದೆ. ನನ್ನ ಕೆಲಸ ಅರ್ಧವೂ ಆಗಿರಲಿಲ್ಲ.

ನಮ್ಮ ಸ್ಟ್ಯಾಂಡಪ್ ನಡೆಯುವುದು ಅಜೈಲ್ ಹೆಸರಲ್ಲಿ. ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡಾಗಿ ಮಾಡಿ, ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವ ಪದ್ಧತಿ ಅದು. ಅದನ್ನು ಅಳವಡಿಸಿಕೊಳ್ಳುವಾಗ ತಂಡಗಳಿಗೆ ಬರುವ ತೊಂದರೆಗಳ ಬಗ್ಗೆ ತುಂಬಾ ಮಾತು ಕೇಳಿದ್ದೇನೆ. ತರಬೇತಿ ಸಾಲದು, ಟೂಲ್ ಸರಿಯಿಲ್ಲ, ಪದ್ಧತಿ ನಡೆಸಿಕೊಡುವ ಸ್ಕ್ರಮ್ ಮಾಸ್ಟರ್‌ಗೆ ಅನುಭವ ಇಲ್ಲ, ಹೀಗೆ. ಇವೆಲ್ಲ ನಿಜವೇ. ಆದರೆ ನನ್ನ ಅನುಭವದಲ್ಲಿ ಇವೆಲ್ಲದರ ಬುಡದಲ್ಲಿ ಇರುವುದು ಒಂದೇ. ಈ ಪದ್ಧತಿ ಪೂರ್ತಿ ನಿಂತಿರುವುದು ಕೆಟ್ಟ ಸುದ್ದಿ ಬೇಗ ಹೊರಗೆ ಬರುತ್ತದೆ ಅನ್ನುವ ನಂಬಿಕೆಯ ಮೇಲೆ. "ಇದು ಆಗಲ್ಲ" ಅನ್ನುವ ಮಾತನ್ನು ಹೇಳಲು ಜನ ಹೆದರುವ ಕಡೆ ಮೀಟಿಂಗುಗಳು ಉಳಿಯುತ್ತವೆ, ಪದ್ಧತಿ ಉಳಿಯುವುದಿಲ್ಲ.

ಸ್ವಲ್ಪ ಹಿಂದಿನಿಂದ ನೋಡೋಣ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಎಂಜಿನಿಯರ್ ದೊಡ್ಡ ಸಾಫ್ಟ್‌ವೇರ್ ಕೆಲಸಗಳನ್ನು ನಡೆಸುವುದು ಹೇಗೆ ಅಂತ ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಚಿತ್ರ ಇತ್ತು. ಮೊದಲು ಏನು ಬೇಕು ಅಂತ ಬರೆದುಕೊಳ್ಳುವುದು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ನೀರು ಇಳಿದ ಹಾಗೆ. ಇದಕ್ಕೇ ಮುಂದೆ ವಾಟರ್‌ಫಾಲ್ ಅಂತ ಹೆಸರು ಬಂತು. ವಿಚಿತ್ರ ಅಂದ್ರೆ, ಹೀಗೇ ಮಾಡಿದರೆ ಅಪಾಯ, ಕೆಲಸ ಕೆಡುತ್ತದೆ ಅಂತ ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಜನ ಚಿತ್ರ ನೋಡಿದರು, ಎಚ್ಚರಿಕೆ ಓದಲಿಲ್ಲ.

ಪರೀಕ್ಷೆ ಕೊನೆಗೆ ಬಂದರೆ ತಪ್ಪು ಗೊತ್ತಾಗುವುದೂ ಕೊನೆಗೇ. ಅಷ್ಟೊತ್ತಿಗೆ ದುಡ್ಡು, ಸಮಯ ಎರಡೂ ಖಾಲಿ. ಈ ಪಾಡು ನೋಡಿ ಬೇಸತ್ತ 17 ಜನ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಸೇರಿದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ವಾರ್ಡ್ ಕನಿಂಗ್‌ಹ್ಯಾಮ್, ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಅದರಲ್ಲಿದ್ದರು. ಅವರು ಬರೆದ ಅಜೈಲ್ ಮ್ಯಾನಿಫೆಸ್ಟೊದಲ್ಲಿ ನಾಲ್ಕು ಆಶಯ, ಹನ್ನೆರಡು ತತ್ವ ಇವೆ. ಪದ್ಧತಿ ಮತ್ತು ಟೂಲ್‌ಗಿಂತ ಜನ ಮತ್ತು ಅವರ ಮಾತುಕತೆ ಮುಖ್ಯ. ರಾಶಿ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ. ಕರಾರಿನ ಚೌಕಾಶಿಗಿಂತ ಗ್ರಾಹಕರ ಜೊತೆ ಕೂಡಿ ಕೆಲಸ ಮಾಡುವುದು ಮುಖ್ಯ. ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ. ಇದರಲ್ಲಿ ಮೊದಲು ಹೇಳಿದ್ದು ಬೇಡ ಅಂತ ಅವರು ಹೇಳಲಿಲ್ಲ. ಆಮೇಲೆ ಹೇಳಿದ್ದಕ್ಕೆ ಬೆಲೆ ಜಾಸ್ತಿ ಅಂದರು.

ಅದರಲ್ಲಿ ಸ್ಟ್ಯಾಂಡಪ್ ಇಲ್ಲ, ಸ್ಪ್ರಿಂಟ್ ಇಲ್ಲ, ಕೆಲಸದ ಗಾತ್ರಕ್ಕೆ ಅಂದಾಜಾಗಿ ಕೊಡುವ ಅಂಕ, ಅಂದರೆ ಸ್ಟೋರಿ ಪಾಯಿಂಟ್ ಇಲ್ಲ. ಸ್ಪ್ರಿಂಟ್, ಅಂದರೆ ಗೊತ್ತು ಮಾಡಿದ ಕೆಲವು ವಾರಗಳ ಕೆಲಸದ ಸುತ್ತು, ಬಂದದ್ದು ಸ್ಕ್ರಮ್ ಅನ್ನುವ ಪದ್ಧತಿಯಿಂದ. ಅದನ್ನು ಸದರ್‌ಲ್ಯಾಂಡ್ ಮತ್ತು ಶ್ವೇಬರ್ 1990ರ ದಶಕದಲ್ಲೇ ರೂಪಿಸಿದ್ದರು. ಸ್ಕ್ರಮ್ ನಮ್ಮಲ್ಲಿ ಎಷ್ಟು ಬೇರೂರಿದೆ ಅಂದ್ರೆ, "ನಾವು ಅಜೈಲ್" ಅಂತ ಯಾರಾದರೂ ಹೇಳಿದರೆ ಅರ್ಥ "ನಮ್ಮಲ್ಲಿ ಎರಡು ವಾರದ ಸ್ಪ್ರಿಂಟ್ ಇದೆ" ಅಂತಲೇ. ಮೂರು ಪ್ರಶ್ನೆಗಳ ವಿಷಯವನ್ನೇ ನೋಡಿ. ಸ್ಕ್ರಮ್‌ನ ಅಧಿಕೃತ ಕೈಪಿಡಿ 2020ರಲ್ಲಿ ಆ ಮೂರು ಪ್ರಶ್ನೆಗಳನ್ನು ತೆಗೆದೇ ಹಾಕಿತು. ನಮ್ಮ ಎಷ್ಟೋ ಆಫೀಸುಗಳಲ್ಲಿ ಅವು ಇನ್ನೂ ಪ್ರತಿ ಬೆಳಿಗ್ಗೆ ನಡೆಯುತ್ತಿವೆ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಐಟಿ ಬೆಳೆದದ್ದು ಶಿಸ್ತಿನ ಮೇಲೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಶಿಸ್ತನ್ನು ಅಳೆಯಲು ರೂಪಿಸಿದ ಸಿಎಂಎಂ ಅನ್ನುವ ಅಳತೆಗೋಲು ಇತ್ತು. ಒಂದರಿಂದ ಐದರವರೆಗೆ ಹಂತಗಳು. 1990ರ ದಶಕದಲ್ಲಿ ಬೆಂಗಳೂರಿನ ಮೊಟೊರೊಲಾ ಕೇಂದ್ರ ಐದನೇ ಹಂತ ಮುಟ್ಟಿದಾಗ ಜಗತ್ತಿನಲ್ಲಿ ಆ ಮಟ್ಟ ತಲುಪಿದ ಕಡೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಮೇಲೆ ನಮ್ಮ ದೊಡ್ಡ ಕಂಪನಿಗಳೆಲ್ಲ ಆ ದಾರಿ ಹಿಡಿದವು. ದೂರದ ದೇಶದ ಗ್ರಾಹಕ, ನಮ್ಮ ಮುಖ ನೋಡದವನು, ನಮ್ಮನ್ನು ನಂಬಬೇಕಿತ್ತು. ಆ ನಂಬಿಕೆ ಕೊಟ್ಟದ್ದು ದಾಖಲೆ, ಚೆಕ್‌ಲಿಸ್ಟು, ಸಹಿ, ಆಡಿಟ್ಟು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಾವಿರಾರು ಮನೆಗಳ ಒಲೆ ಉರಿದದ್ದು ಅದರಿಂದ.

ಆದರೆ ಅದು ಒಂದು ಅಭ್ಯಾಸವನ್ನೂ ಕಲಿಸಿತು. ಪದ್ಧತಿ ಮೇಲಿನಿಂದ ಬರುತ್ತದೆ, ನಾವು ಪಾಲಿಸಿದ್ದಕ್ಕೆ ಸಾಕ್ಷಿ ಇಡಬೇಕು. ಅಜೈಲ್ ಬಂದಾಗಲೂ ನಾವು ಅದನ್ನು ಹೀಗೇ ತೆಗೆದುಕೊಂಡೆವು. ಸ್ಟ್ಯಾಂಡಪ್ ನಡೆಯಿತಾ, ಟಿಕ್. ರೆಟ್ರೊ, ಅಂದರೆ ಸ್ಪ್ರಿಂಟ್ ಮುಗಿದ ಮೇಲೆ ಏನು ಸರಿಯಾಯಿತು, ಏನು ತಪ್ಪಿತು ಅಂತ ಕೂತು ನೋಡುವ ಮೀಟಿಂಗು, ನಡೆಯಿತಾ, ಟಿಕ್. ರೆಟ್ರೊದಿಂದ ಏನಾದರೂ ಬದಲಾಯಿತಾ ಅಂತ ಕೇಳುವ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ.

ಇದಕ್ಕಿಂತ ದೊಡ್ಡ ಗಂಟು ಕಾಂಟ್ರಾಕ್ಟಿನಲ್ಲಿದೆ. ಮೇಲೆ ಹೇಳಿದ ನಮ್ಮ ಕೆಲಸವನ್ನೇ ತೆಗೆದುಕೊಳ್ಳಿ. ಅದು ಫಿಕ್ಸೆಡ್ ಪ್ರೈಸ್ ಕೆಲಸ. ಇಷ್ಟು ಹಣ, ಇಂಥ ತಾರೀಖು, ಇಷ್ಟು ಪಟ್ಟಿ. ಪಟ್ಟಿಯಲ್ಲಿ ಇನ್ನೂರಕ್ಕೂ ಜಾಸ್ತಿ ಅಂಶಗಳಿದ್ದವು. ಕೆಲಸ ಶುರುವಾಗುವ ನಾಲ್ಕು ತಿಂಗಳ ಮೊದಲೇ ಎರಡೂ ಕಡೆಯವರು ಸಹಿ ಹಾಕಿದ್ದರು. ಆಮೇಲೆ ನಮಗೆ ಹೇಳಿದರು, "ಇದನ್ನು ಅಜೈಲ್‌ನಲ್ಲಿ ಮಾಡಿ." ಬೆಲೆ, ದಿನ, ಕೆಲಸ ಮೂರನ್ನೂ ಕಟ್ಟಿಹಾಕಿದ ಮೇಲೆ ಬದಲಾಗಲು ಉಳಿಯುವುದು ಏನು? ಎರಡೇ. ಗುಣಮಟ್ಟ ಮತ್ತು ಜನರ ನಿದ್ದೆ. ನಮ್ಮಲ್ಲಿ ಎರಡೂ ಹೋದವು. ಹತ್ತು ಸ್ಪ್ರಿಂಟ್ ಅಂತ ಬೋರ್ಡಿನಲ್ಲಿ ಗೆರೆ ಎಳೆದೆವು. ನಿಜವಾಗಿ ನೋಡಿದರೆ ಅದು ಹಳೇ ಯೋಜನೆಯನ್ನೇ ಹತ್ತು ತುಂಡು ಮಾಡಿದ್ದಷ್ಟೇ.

ಹಾಗಂತ ಕಾಂಟ್ರಾಕ್ಟೇ ಬೇಡ ಅನ್ನುವುದು ಸುಲಭದ ಮಾತು. ಗ್ರಾಹಕನಿಗೂ ಅವನ ಮೇಲಿನವರಿಗೆ ಒಂದು ಲೆಕ್ಕ ಕೊಡಬೇಕಲ್ವಾ. ಹಣ, ದಿನ ಎರಡನ್ನೂ ಗಟ್ಟಿ ಮಾಡಿ ಪಟ್ಟಿಯನ್ನು ಸಡಿಲ ಬಿಡುವ ಕರಾರುಗಳಿವೆ. ಪಟ್ಟಿಗೆ ಹೊಸದೊಂದು ಸೇರಬೇಕಾದರೆ ಅಷ್ಟೇ ತೂಕದ ಹಳೆಯದೊಂದು ಹೊರಗೆ ಹೋಗಬೇಕು ಅನ್ನುವ ಷರತ್ತನ್ನೂ ಹಾಕಬಹುದು. ಇವೆಲ್ಲ ಸಾಧ್ಯ. ಆದರೆ ಅವನ್ನು ಸಹಿಗೆ ಮೊದಲು ಮಾತಾಡಬೇಕು. ಆ ಮೇಜಿನ ಹತ್ತಿರ ಕೋಡ್ ಬರೆಯುವವರು ಯಾರೂ ಕೂತಿರುವುದಿಲ್ಲ.

ಇನ್ನು ಪ್ರಾಡಕ್ಟ್ ಓನರ್ ವಿಷಯ. ಏನು ಮೊದಲು ಮಾಡಬೇಕು, ಏನು ಬಿಡಬಹುದು ಅಂತ ತೀರ್ಮಾನ ಮಾಡುವ ಒಬ್ಬ ಮನುಷ್ಯ ತಂಡದ ಕೈಗೆ ಸಿಗಬೇಕು. ಸ್ಕ್ರಮ್ ಕೇಳುವುದು ಇಷ್ಟೇ. ನಮ್ಮ ಬಹಳಷ್ಟು ತಂಡಗಳಲ್ಲಿ ಆ ಮನುಷ್ಯ ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುತ್ತಾರೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಬೆಳಿಗ್ಗೆ ಹನ್ನೊಂದಕ್ಕೆ ನಮಗೊಂದು ಅನುಮಾನ ಬಂತು ಅನ್ನಿ. ಅಲ್ಲಿ ಹಿಂದಿನ ರಾತ್ರಿ. ಅವರು ಎದ್ದು ಉತ್ತರ ಬರೆಯುವಾಗ ನಮ್ಮಲ್ಲಿ ಊಟ ಮುಗಿಸಿ ಮಲಗುವ ಹೊತ್ತು. ಆ ಉತ್ತರದಲ್ಲೊಂದು ಹೊಸ ಅನುಮಾನ ಹುಟ್ಟಿದರೆ ಇನ್ನೊಂದು ದಿನ. ಹತ್ತು ದಿನ ಕೆಲಸದ ಸ್ಪ್ರಿಂಟಿನಲ್ಲಿ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ನಾಲ್ಕು ದಿನ ಹೋಗಿರುತ್ತದೆ.

ಇದಕ್ಕೆ ಪರಿಹಾರ ಅಂತ ಇಲ್ಲಿಯವರೊಬ್ಬರನ್ನು ಪ್ರಾಕ್ಸಿ ಓನರ್ ಮಾಡುತ್ತಾರೆ. ಪಾಪ, ಅವರಿಗೆ ಜವಾಬ್ದಾರಿ ಇರುತ್ತದೆ, ಅಧಿಕಾರ ಇರುವುದಿಲ್ಲ. ಏನು ಕೇಳಿದರೂ "ಕೇಳಿ ಹೇಳ್ತೀನಿ" ಅನ್ನಬೇಕು. ಅವರ ಮೇಲೆ ರೇಗುವ ಡೆವಲಪರುಗಳನ್ನು ನೋಡಿದ್ದೇನೆ, ನಾನೂ ರೇಗಿದ್ದೇನೆ. ರೇಗಬೇಕಾದ್ದು ಅವರ ಮೇಲಲ್ಲ. ಮತ್ತೆ ರಾತ್ರಿ ಒಂಬತ್ತೂವರೆಯ ಕಾಲ್ ಇದೆಯಲ್ಲ, ಅದರ ಬಗ್ಗೆ ಯಾವ ಕೈಪಿಡಿಯೂ ಮಾತಾಡುವುದಿಲ್ಲ. ಸಣ್ಣ ಮಕ್ಕಳಿರುವ ತಾಯಂದಿರು ಆ ಕಾಲ್‌ನಲ್ಲಿ ಮ್ಯೂಟ್ ಒತ್ತಿಕೊಂಡು ಮಗು ಮಲಗಿಸುತ್ತಿರುತ್ತಾರೆ. ಮ್ಯಾನಿಫೆಸ್ಟೊದ ಹನ್ನೆರಡು ತತ್ವಗಳಲ್ಲಿ ಒಂದು, ಕೊನೆಯಿಲ್ಲದೆ ಒಂದೇ ಗತಿಯಲ್ಲಿ ನಡೆಸಿಕೊಂಡು ಹೋಗಬಹುದಾದ ಕೆಲಸದ ಬಗ್ಗೆ ಹೇಳುತ್ತದೆ. ಬೆಳಿಗ್ಗೆ ಹತ್ತಕ್ಕೊಂದು ಸ್ಟ್ಯಾಂಡಪ್, ರಾತ್ರಿ ಒಂಬತ್ತೂವರೆಗೊಂದು ಸ್ಟ್ಯಾಂಡಪ್ ಇರುವ ಬದುಕನ್ನು ಎಷ್ಟು ವರ್ಷ ನಡೆಸಬಹುದು?

ಸ್ಟೋರಿ ಪಾಯಿಂಟಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಇದು ಹುಟ್ಟಿದ್ದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಇನ್ನೊಂದು ಅಜೈಲ್ ಪದ್ಧತಿಯ ತಂಡಗಳಲ್ಲಿ. ಮೊದಲು ಅವರು "ಆದರ್ಶ ದಿನ" ಅಂತ ಅಂದಾಜು ಹೇಳುತ್ತಿದ್ದರು. ಯಾರೂ ಅಡ್ಡಿಪಡಿಸದಿದ್ದರೆ ಒಂದು ದಿನದ ಕೆಲಸ ಅಂತ ಅರ್ಥ. ನಿಜದಲ್ಲಿ ಅದಕ್ಕೆ ಮೂರು ದಿನ ಹಿಡಿಯುತ್ತಿತ್ತು. ಮೇಲಿನವರು ಕೇಳುತ್ತಿದ್ದರು, ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆ? ಆ ಗೊಂದಲ ತಪ್ಪಿಸಲು "ದಿನ" ಅನ್ನುವುದನ್ನು ಬಿಟ್ಟು "ಪಾಯಿಂಟ್" ಅಂದರು. ಹೀಗಂತ ಹೇಳಿದವರು ಮ್ಯಾನಿಫೆಸ್ಟೊಗೆ ಸಹಿ ಹಾಕಿದ ರಾನ್ ಜೆಫ್ರೀಸ್. ಸ್ಟೋರಿ ಪಾಯಿಂಟನ್ನು ಹುಟ್ಟಿಸಿದ್ದು ನಾನೇ ಇರಬಹುದು, ಹಾಗಿದ್ದರೆ ಅದಕ್ಕೆ ಈಗ ವಿಷಾದವಿದೆ ಅಂತ ಅವರು 2019ರಲ್ಲಿ ಬರೆದರು.

ಯಾಕೆ ವಿಷಾದ? ಅಂದಾಜು ಹೋಗಿ ಅಳತೆಗೋಲಾಯಿತು. "ಆ ತಂಡ ಸ್ಪ್ರಿಂಟಿಗೆ 60 ಪಾಯಿಂಟ್ ಮಾಡುತ್ತೆ, ನೀವ್ಯಾಕೆ 35?" ಅನ್ನುವ ಪ್ರಶ್ನೆ ಬಂತು. ಪಾಯಿಂಟ್ ಅನ್ನುವುದು ಆಯಾ ತಂಡದ ಒಳಗಿನ ಭಾಷೆ. ಎರಡು ತಂಡದ ಪಾಯಿಂಟುಗಳನ್ನು ಹೋಲಿಸುವುದು ಒಂದು ಮನೆಯ ಲೋಟದಲ್ಲಿ ಅಳೆದ ಅಕ್ಕಿಯನ್ನು ಇನ್ನೊಂದು ಮನೆಯ ಲೋಟದ ಅಕ್ಕಿಗೆ ಹೋಲಿಸಿದ ಹಾಗೆ. ಪ್ರಶ್ನೆ ಕೇಳಿಸಿಕೊಂಡ ತಂಡ ಏನು ಮಾಡುತ್ತದೆ? ಮುಂದಿನ ಸಲ ಮೂರು ಪಾಯಿಂಟಿನ ಕೆಲಸಕ್ಕೆ ಐದು ಅನ್ನುತ್ತದೆ. ಎರಡು ತಿಂಗಳಲ್ಲಿ ವೆಲಾಸಿಟಿ, ಅಂದರೆ ಸ್ಪ್ರಿಂಟಿಗೆ ಮುಗಿಸಿದ ಪಾಯಿಂಟುಗಳ ಲೆಕ್ಕ, ಏರುತ್ತದೆ. ಗ್ರಾಹಕನ ಕೈಗೆ ಸಿಕ್ಕಿದ್ದು ಮಾತ್ರ ಅಷ್ಟೇ ಇರುತ್ತದೆ. ಇದು ಮೋಸ ಅಂತ ನನಗೆ ಅನಿಸುವುದಿಲ್ಲ. ಹೊಡೆತ ತಪ್ಪಿಸಿಕೊಳ್ಳಲು ಕೈ ಅಡ್ಡ ಇಡುವ ಹಾಗೆ ಅಷ್ಟೇ.

ಸ್ಕ್ರಮ್ ಕೈಪಿಡಿ 2011ರಲ್ಲಿ ಒಂದು ಮುಖ್ಯ ತಿದ್ದುಪಡಿ ಮಾಡಿತು. ಸ್ಪ್ರಿಂಟಿನಲ್ಲಿ ಮಾಡುವ ಕೆಲಸಕ್ಕೆ ಅದುವರೆಗೆ "ಕಮಿಟ್‌ಮೆಂಟ್" ಅಂದರೆ ಕೊಟ್ಟ ಮಾತು ಅನ್ನುತ್ತಿದ್ದರು. ಅದನ್ನು "ಫೋರ್‌ಕಾಸ್ಟ್" ಅಂದರೆ ಮುನ್ಸೂಚನೆ ಅಂತ ಬದಲಿಸಿದರು. ಹವಾಮಾನದವರು ಮಳೆ ಬರಬಹುದು ಅಂದ ಹಾಗೆ. ನಮ್ಮ ಆಫೀಸುಗಳಿಗೆ ಈ ಬದಲಾವಣೆ ಇನ್ನೂ ಬಂದು ಮುಟ್ಟಿಲ್ಲ. ಶುಕ್ರವಾರ ಕೆಲಸ ಉಳಿದರೆ ಅದಕ್ಕೆ ಸ್ಪಿಲ್‌ಓವರ್ ಅಂತ ಹೆಸರು, ಅದಕ್ಕೊಂದು ವಿವರಣೆ ಕೊಡಬೇಕು, ವಿವರಣೆಗೊಂದು ಮೀಟಿಂಗು.

ಅಂದಾಜಿನ ಹುಚ್ಚು ಎಷ್ಟು ದುಬಾರಿ ಅನ್ನುವುದಕ್ಕೆ ನಮ್ಮ ಪಕ್ಕದ ಹೈದರಾಬಾದಿನದೇ ಒಂದು ಕಥೆ ಇದೆ. ಅಜೈಲ್ ಬಗ್ಗೆ ಮಾತಾಡುವವರು ಇದನ್ನು ಇನ್ನೂ ಜಾಸ್ತಿ ಹೇಳಬೇಕು ಅಂತ ನನ್ನ ಆಸೆ.

2004ರ ಸುಮಾರು. ಮೈಕ್ರೋಸಾಫ್ಟ್ ಒಳಗಿನ ಐಟಿ ವಿಭಾಗಕ್ಕೆ ಸೇರಿದ ಒಂದು ಸಣ್ಣ ತಂಡ. ಮ್ಯಾನೇಜರ್ ಅಮೆರಿಕದಲ್ಲಿ, ಕೆಲಸ ಮಾಡುವವರು ಹೈದರಾಬಾದಿನಲ್ಲಿ. ಮೂವರು ಡೆವಲಪರ್, ಮೂವರು ಟೆಸ್ಟರ್. ಕಂಪನಿಯ ಒಳಗಡೆ ಬಳಸುವ ಹತ್ತಾರು ಸಾಫ್ಟ್‌ವೇರ್‌ಗಳಿಗೆ ಸಣ್ಣಪುಟ್ಟ ಬದಲಾವಣೆ ಮಾಡಿಕೊಡುವುದು ಅವರ ಕೆಲಸ. ಒಂದು ಬದಲಾವಣೆ ಕೇಳಿದರೆ ಕೈಗೆ ಬರಲು ಸುಮಾರು ಐದು ತಿಂಗಳು. ಸಾಲಿನಲ್ಲಿ ಕಾಯುತ್ತಿದ್ದವು ಎಂಬತ್ತರಷ್ಟು ಕೋರಿಕೆಗಳು. ಒಳಗಿನ ಗ್ರಾಹಕರೆಲ್ಲ ಬೇಸತ್ತಿದ್ದರು. ಹೈದರಾಬಾದಿನ ಹುಡುಗರೇನೂ ಕಮ್ಮಿ ಇರಲಿಲ್ಲ. ತರಬೇತಿ ಇತ್ತು, ಶಿಸ್ತಿತ್ತು, ಕೋಡ್ ಚೆನ್ನಾಗಿತ್ತು.

ಹೊಸದಾಗಿ ಬಂದ ಮ್ಯಾನೇಜರ್ ದ್ರಾಗೋಷ್ ದುಮಿತ್ರಿಯು, ಆಗ ಮೈಕ್ರೋಸಾಫ್ಟ್‌ನಲ್ಲೇ ಇದ್ದ ಡೇವಿಡ್ ಆಂಡರ್‌ಸನ್ ಹತ್ತಿರ ಸಲಹೆ ಕೇಳಿದರು. ಇಬ್ಬರೂ ಕೂತು ಕೆಲಸ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಚಿತ್ರ ಬರೆದರು. ಆಗ ಗೊತ್ತಾಯಿತು. ಯಾವುದೇ ಕೋರಿಕೆ ಬಂದರೂ 48 ಗಂಟೆಯೊಳಗೆ ಅದಕ್ಕೆ ಎಷ್ಟು ಸಮಯ ಬೇಕು ಅಂತ ಅಂದಾಜು ಕೊಡಬೇಕಿತ್ತು. ಪ್ರತಿ ಅಂದಾಜಿಗೆ ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಕೈಲಿದ್ದ ಕೆಲಸ ಬಿಟ್ಟು ಕೂರಬೇಕು. ಹೊಸ ಕೋರಿಕೆ ಬರುತ್ತಲೇ ಇರುತ್ತಿತ್ತು, ಕೈಕೆಲಸ ನಿಲ್ಲುತ್ತಲೇ ಇರುತ್ತಿತ್ತು. ತಂಡದ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬರೀ ಅಂದಾಜಿಗೇ ಹೋಗುತ್ತಿತ್ತು. ಅದರಲ್ಲೂ ಅಂದಾಜು ಮಾಡಿದ ಕೋರಿಕೆಗಳಲ್ಲಿ ಎಷ್ಟೋ ಕೊನೆಗೆ ಬೇಡ ಅಂತಲೇ ತೀರ್ಮಾನ ಆಗುತ್ತಿತ್ತು.

ಅವರು ಅಂದಾಜು ಮಾಡುವುದನ್ನೇ ನಿಲ್ಲಿಸಿದರು. ಕೈಯಲ್ಲಿ ಒಂದೇ ಸಲಕ್ಕೆ ಎಷ್ಟು ಕೆಲಸ ಇರಬಹುದು ಅನ್ನುವುದಕ್ಕೆ ಒಂದು ಮಿತಿ ಹಾಕಿದರು. ಜಾಗ ಖಾಲಿಯಾದಾಗ ಮಾತ್ರ ಹೊಸದು ಒಳಗೆ. ಯಾವುದು ಬರಬೇಕು ಅಂತ ಗ್ರಾಹಕರ ಕಡೆಯವರೇ ವಾರಕ್ಕೊಮ್ಮೆ ಕೂತು ಆರಿಸಬೇಕು. ಆರಿಸಿದ್ದನ್ನು 25 ದಿನದೊಳಗೆ ಕೊಡುತ್ತೇವೆ ಅಂತ ಮಾತು ಕೊಟ್ಟರು. ಕೋಡ್ ಬರೆಯುವ ರೀತಿ ಬದಲಾಗಲಿಲ್ಲ, ಟೆಸ್ಟ್ ಮಾಡುವ ರೀತಿಯೂ ಬದಲಾಗಲಿಲ್ಲ. ಮೂರು ಡೆವಲಪರ್‌ಗೆ ಮೂರು ಟೆಸ್ಟರ್ ಅನ್ನುವ ಲೆಕ್ಕವನ್ನು ಆಮೇಲೆ ತಿದ್ದಿದರು, ಇನ್ನೂ ಸ್ವಲ್ಪ ಜನರನ್ನೂ ಸೇರಿಸಿಕೊಂಡರು. ಒಂಬತ್ತು ತಿಂಗಳಲ್ಲಿ ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕೆ ಇಳಿಯಿತು. ಸಾಲು ಕರಗಿತು. ಮುಂದೆ ಆಂಡರ್‌ಸನ್ ಸಾಫ್ಟ್‌ವೇರ್ ಕೆಲಸಕ್ಕೆ ಕಾನ್ಬಾನ್ ಅಂತ ಕಟ್ಟಿದ ಪದ್ಧತಿಯ ಬೇರು ಇಲ್ಲಿದೆ.

ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. "ನೀವು ಇನ್ನೂ ಜೋರಾಗಿ ಕೆಲಸ ಮಾಡಿ" ಅಂತ ಯಾರೂ ಹುಡುಗರಿಗೆ ಹೇಳಲಿಲ್ಲ. ತಂಡದ ಮೇಲೆ ಬೀಳುತ್ತಿದ್ದ ಭಾರವನ್ನು ನೋಡಿ, ಆ ಭಾರ ಹೊರಿಸುತ್ತಿದ್ದ ನಿಯಮವನ್ನು ಬದಲಿಸಿದರು. ಆ ನಿಯಮ ಬದಲಿಸುವ ಅಧಿಕಾರ ಹೈದರಾಬಾದಿನ ಆ ಆರು ಜನರ ಕೈಲಿರಲಿಲ್ಲ. ಅವರಿಗೆ ಎಷ್ಟೇ ಅಜೈಲ್ ತರಬೇತಿ ಕೊಟ್ಟಿದ್ದರೂ ಐದು ತಿಂಗಳು ಐದೇ ತಿಂಗಳಾಗಿ ಉಳಿಯುತ್ತಿತ್ತು. ಮೇಲಿನವರು "ತಂಡಕ್ಕೆ ಅಜೈಲ್ ಕಲಿಸಿ" ಅಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಎಂಜಿನಿಯರುಗಳ ಕಡೆಯ ತಪ್ಪೂ ಇದೆ, ಅದನ್ನು ಮುಚ್ಚಿಡಬಾರದು. ಎರಡು ವಾರಕ್ಕೊಮ್ಮೆ ಓಡುವ ಸಾಫ್ಟ್‌ವೇರ್ ಕೊಡಬೇಕಾದರೆ ಮುಟ್ಟಿದ್ದು ಮುರಿದಿದೆಯಾ ಅಂತ ನಿಮಿಷಗಳಲ್ಲಿ ಗೊತ್ತಾಗಬೇಕು. ಅದಕ್ಕೆ ತಾನಾಗೇ ಓಡುವ ಟೆಸ್ಟುಗಳು ಬೇಕು. ಎಲ್ಲರ ಕೋಡ್ ದಿನಾ ಒಂದುಗೂಡಬೇಕು. ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ಕ್ರೈಸ್ಲರ್ ಕಂಪನಿಯ ಸಂಬಳದ ಸಾಫ್ಟ್‌ವೇರ್ ಕಟ್ಟುವಾಗ ಇದನ್ನೇ ಪಟ್ಟು ಹಿಡಿದು ಮಾಡಿದರು. ಆ ಕೆಲಸ ಕೊನೆಗೆ ನಿಂತು ಹೋಯಿತು, ಆದರೆ ಆ ಅಭ್ಯಾಸಗಳು ಉಳಿದವು. ನಾವು ಅಜೈಲ್‌ನಿಂದ ಮೀಟಿಂಗುಗಳನ್ನು ತಗೊಂಡೆವು, ಈ ಕೈಕಸುಬನ್ನು ಬಿಟ್ಟೆವು. ಮೀಟಿಂಗ್ ನಾಳೆಯೇ ಶುರು ಮಾಡಬಹುದು. ಹತ್ತು ವರ್ಷದ ಹಳೇ ಕೋಡಿಗೆ ಟೆಸ್ಟ್ ಬರೆಯಲು ತಿಂಗಳುಗಟ್ಟಲೆ ಬೇಕು, ಅದಕ್ಕೆ ಬಿಲ್ ಮಾಡಲು ಗ್ರಾಹಕ ಒಪ್ಪಬೇಕು.

ಹೀಗಾಗಿ ಏನಾಗುತ್ತದೆ ಅಂದ್ರೆ, ಸ್ಪ್ರಿಂಟಿನ ಒಳಗೇ ಒಂದು ಸಣ್ಣ ವಾಟರ್‌ಫಾಲ್ ಹುಟ್ಟುತ್ತದೆ. ಎಂಟು ದಿನ ಕೋಡ್, ಕೊನೆಯ ಎರಡು ದಿನ ಟೆಸ್ಟ್. ನಮ್ಮ ತಂಡದ ಟೆಸ್ಟರ್ ಒಬ್ಬರು ಪ್ರತಿ ಎರಡನೇ ಗುರುವಾರ ಮನೆಗೆ ಫೋನ್ ಮಾಡಿ "ಊಟಕ್ಕೆ ಕಾಯಬೇಡಿ" ಅನ್ನುತ್ತಿದ್ದರು. ವರ್ಷವಿಡೀ. ಡೆಮೊ ಮುಗಿದ ಮೇಲೆ ಚಪ್ಪಾಳೆ ಸಿಗುತ್ತಿದ್ದುದು ಸ್ಕ್ರೀನ್ ತೋರಿಸಿದ ಡೆವಲಪರ್‌ಗೆ.

ಅಪ್ರೈಸಲ್ ಬಗ್ಗೆ ಒಂದೇ ಮಾತು ಸಾಕು. ಪದ್ಧತಿ ಹೇಳುವುದು ತಂಡ ಅಂತ, ಸಂಬಳ ಏರುವುದು ಒಬ್ಬೊಬ್ಬರ ರೇಟಿಂಗ್ ಮೇಲೆ. ಪಕ್ಕದವಳ ಟಿಕೆಟ್‌ಗೆ ಅರ್ಧ ದಿನ ಕೊಟ್ಟವನ ಹೆಸರು ಯಾವ ಬೋರ್ಡಿನಲ್ಲೂ ಬರುವುದಿಲ್ಲ.

ಈಗ ಮೊದಲಿನ ಮಾತಿಗೆ ವಾಪಸ್ ಬರುತ್ತೇನೆ. "ಆಗಲ್ಲ" ಅನ್ನುವುದು ನಮಗೆ ಯಾಕೆ ಇಷ್ಟು ಕಷ್ಟ? ನಮ್ಮ ಮನೆಗಳಲ್ಲೇ ಹಿರಿಯರಿಗೆ ನೇರವಾಗಿ ಇಲ್ಲ ಅನ್ನುವುದಿಲ್ಲ. "ನೋಡೋಣ" ಅನ್ನುತ್ತೇವೆ. ಮದುವೆಗೆ ಕರೆಯಲು ಬಂದವರಿಗೆ ಬರಲು ಆಗದಿದ್ದರೂ "ಖಂಡಿತ ಪ್ರಯತ್ನ ಮಾಡ್ತೀವಿ" ಅನ್ನುತ್ತೇವೆ. ಕೇಳುವವರಿಗೂ ಅದರ ಅರ್ಥ ಗೊತ್ತಿರುತ್ತದೆ. ಅದೊಂದು ಸೌಜನ್ಯ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ "ವಿ ವಿಲ್ ಟ್ರೈ" ಅಂತ ಫೋನಿನಲ್ಲಿ ಹೇಳಿದಾಗ ಆ ಕಡೆಯ ಅಮೆರಿಕದವರು ಅದನ್ನು ಹೌದು ಅಂತಲೇ ಬರೆದುಕೊಳ್ಳುತ್ತಾರೆ. ಮೂರು ವಾರ ಕಳೆದ ಮೇಲೆ ಎರಡೂ ಕಡೆಯವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ.

ಆದರೂ ಇದನ್ನು ಬರೀ ನಮ್ಮ ಸಂಸ್ಕೃತಿಯ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಸಿಗುತ್ತದೆ. ಕಾನ್ಬಾನ್ ಅನ್ನುವ ಹೆಸರು ಬಂದದ್ದೇ ಟೊಯೊಟಾದಿಂದ. ಆ ಕಂಪನಿಯ ಉತ್ಪಾದನಾ ಪದ್ಧತಿಯಲ್ಲಿ ಅಂಡಾನ್ ಅಂತ ಒಂದು ವ್ಯವಸ್ಥೆ ಇದೆ. ತೊಂದರೆ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದು, ಇಲ್ಲವೇ ಗುಂಡಿ ಒತ್ತಬಹುದು. ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಅಲ್ಲೇ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಆ ಹಗ್ಗ ಎಳೆಯುವುದೂ "ಆಗಲ್ಲ" ಅನ್ನುವುದೇ ತಾನೆ. ಬೈದರೆ ಮುಂದಿನ ಸಲ ಯಾರೂ ಎಳೆಯುವುದಿಲ್ಲ. ಓಡಿ ಬಂದು ಸಹಾಯ ಮಾಡಿದರೆ ಎಳೆಯುತ್ತಾರೆ. ಎಲ್ಲ ನಿಂತಿರುವುದು ಹಗ್ಗ ಎಳೆದ ಮೇಲಿನ ಮೊದಲ ಎರಡು ನಿಮಿಷದ ಮೇಲೆ.

ರೆಟ್ರೊದಲ್ಲೂ ನಾನು ಇದನ್ನೇ ಕಂಡೆ. ಮ್ಯಾನೇಜರ್ ಕೂತಿದ್ದಾಗ ಪರದೆಯ ಮೇಲಿನ ಹಳದಿ ಚೀಟಿಗಳಲ್ಲಿ ಬರುತ್ತಿದ್ದುದು "ಗುಡ್ ಟೀಮ್ ವರ್ಕ್", "ಇನ್ನೂ ಚೆನ್ನಾಗಿ ಸಂವಹನ ಮಾಡೋಣ". ಒಂದು ಸಲ ಅವರಿಗೆ ಬೇರೆ ಮೀಟಿಂಗ್ ಇತ್ತು, ಬರಲಿಲ್ಲ. ಆವತ್ತು ಹತ್ತೊಂಬತ್ತು ಚೀಟಿ ಬಂದವು. ಅದರಲ್ಲೊಂದು: "ಟೆಸ್ಟ್ ಮಾಡದ ಕೋಡನ್ನು ಡೆಮೊದಲ್ಲಿ ತೋರಿಸಿದ್ದೇವೆ, ನನಗೆ ನಿದ್ದೆ ಬಂದಿಲ್ಲ." ಯಾರು ಬರೆದರು ಅಂತ ನಾವು ಕೇಳಲಿಲ್ಲ.

ದೊಡ್ಡ ಮಟ್ಟದಲ್ಲೂ ಹೊರಗಿನ ಆಕಾರವನ್ನು ನಕಲು ಮಾಡುವ ಕೆಲಸ ಜೋರಾಗಿ ನಡೆದಿದೆ. ಸ್ಪಾಟಿಫೈ ಕಂಪನಿ ತನ್ನ ತಂಡಗಳನ್ನು ಸ್ಕ್ವಾಡ್, ಟ್ರೈಬ್ ಅಂತ ಜೋಡಿಸಿದ ರೀತಿಯನ್ನು 2012ರಲ್ಲಿ ಇಬ್ಬರು ಬರೆದರು. ಜಗತ್ತಿನಾದ್ಯಂತ ಕಂಪನಿಗಳು ಆ ಹೆಸರುಗಳನ್ನು ತಂದು ಹಳೇ ಡಿಪಾರ್ಟ್‌ಮೆಂಟುಗಳಿಗೆ ಅಂಟಿಸಿದವು. ಇನ್ನೊಂದು ಕಡೆ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್ 2023ರ ಜನವರಿಯಲ್ಲಿ ಅಜೈಲ್‌ಗೆ ಅಂತಲೇ ಇದ್ದ ಸುಮಾರು 1,100 ಹುದ್ದೆಗಳನ್ನು ತೆಗೆಯಿತು. ಆಗ "ಅಜೈಲ್ ಸತ್ತಿತು" ಅಂತ ಎಲ್ಲ ಕಡೆ ಮಾತು ಕೇಳಿಸಿತು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಕೆಲಸ ಕಳೆದುಕೊಂಡವರ ಬಗ್ಗೆ ಮನಸ್ಸು ನೋಯುತ್ತದೆ. ಆದರೆ ತಂಡದ ಪಕ್ಕ ನಿಂತು ಪದ್ಧತಿ ಕಾಯುವ ಒಂದು ಪ್ರತ್ಯೇಕ ಹುದ್ದೆ ಬೇಕಾ ಅನ್ನುವುದು ಬೇರೆಯೇ ಪ್ರಶ್ನೆ.

ಯಾಕೆಂದರೆ ಸರಿಯಾಗಿ ನಡೆದ ಕಡೆ ಇದು ನಡೆದಿದೆ, ಅದೂ ಸರ್ಕಾರಿ ಇಲಾಖೆಯಲ್ಲಿ. ಅಮೆರಿಕದ ಎಫ್‌ಬಿಐ ತನ್ನ ಕೇಸುಗಳ ಫೈಲನ್ನು ಕಂಪ್ಯೂಟರಿಗೆ ತರಲು ಹೊರಟು 17 ಕೋಟಿ ಡಾಲರ್ ಸುರಿದು 2005ರಲ್ಲಿ ಆ ಕೆಲಸವನ್ನೇ ಕೈಬಿಟ್ಟಿತು. 2006ರಲ್ಲಿ ಸೆಂಟಿನೆಲ್ ಹೆಸರಲ್ಲಿ ಮತ್ತೆ ಶುರು ಮಾಡಿ ಹೊರಗಿನ ದೊಡ್ಡ ಕಂಪನಿಗೆ ಕೊಟ್ಟಿತು. ಅದೂ ತಡವಾಯಿತು, ದುಡ್ಡು ಹರಿದು ಹೋಯಿತು. 2010ರಲ್ಲಿ ಕೆಲಸವನ್ನು ತಾನೇ ಕೈಗೆ ತಗೊಂಡು, ಸಣ್ಣ ತಂಡ ಕಟ್ಟಿ, ಎರಡೆರಡು ವಾರಕ್ಕೆ ಆದಷ್ಟನ್ನು ತೋರಿಸುತ್ತಾ ಹೋಯಿತು. ಅಲ್ಲೂ ತಾರೀಖು ಮುಂದೆ ಹೋಯಿತು. ಆದರೆ 2012ರ ಜುಲೈನಲ್ಲಿ ಸೆಂಟಿನೆಲ್ ಬಳಕೆಗೆ ಬಂತು. ಇಲ್ಲಿ ಸ್ಪ್ರಿಂಟ್ ಅನ್ನುವುದಕ್ಕಿಂತ ಮುಖ್ಯವಾದ್ದು, ಯಾರು ತೀರ್ಮಾನ ಮಾಡಬೇಕೋ ಅವರೇ ಕೆಲಸದ ಹತ್ತಿರ ಬಂದು ಕೂತರು.

ನಮ್ಮ ತಂಡದಲ್ಲಿ ಅಷ್ಟು ದೊಡ್ಡದೇನೂ ಆಗಲಿಲ್ಲ. ಆ ಗುರುವಾರದ ಊಟದ ಮಾತನ್ನು ನಾನು ಮ್ಯಾನೇಜರ್ ಹತ್ತಿರ ಹೇಳಿದೆ, ಹುಡುಗಿಯ ಹೆಸರು ಹೇಳದೆ. ಅವರು ಒಳ್ಳೆಯ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬರದೇ ಇದ್ರೆ ಸರಿಹೋಗುತ್ತಾ?" ಅಂದರು. ವಾರಕ್ಕೆ ಮೂರು ದಿನ ಬರುವುದು ಬಿಟ್ಟರು. ಹದಿನಾಲ್ಕು ಜನರನ್ನು ಏಳೇಳು ಮಾಡಿದೆವು. ಒಬ್ಬೊಬ್ಬರನ್ನು ಕೇಳುವುದು ಬಿಟ್ಟು, ಬೋರ್ಡಿನ ಬಲಗಡೆಯಿಂದ, ಅಂದರೆ ಮುಗಿಯಲು ಹತ್ತಿರ ಇರುವ ಟಿಕೆಟಿನಿಂದ ಶುರು ಮಾಡಿದೆವು. ಇದಕ್ಕೆ ಏನು ಅಡ್ಡ ಬಂದಿದೆ, ಯಾರು ಕೈ ಹಾಕುತ್ತೀರಿ ಅನ್ನುವುದೊಂದೇ ಪ್ರಶ್ನೆ. ಮೊದಲ ದಿನ ನಾನೇ ಹೇಳಿದೆ, "ನಂದು ಅರ್ಧವೂ ಆಗಿಲ್ಲ, ಹೋದ ವಾರ ಸುಳ್ಳು ಹೇಳಿದ್ದೆ." ಯಾರೂ ನಗಲಿಲ್ಲ. ಟೆಸ್ಟರ್ ಬಂದು ಪಕ್ಕ ಕೂತರು.

ಸುಮಾರು ಒಂದೂವರೆ ತಿಂಗಳ ನಂತರ, ಮ್ಯಾನೇಜರ್ ಬಂದಿದ್ದ ಒಂದು ಬೆಳಿಗ್ಗೆ, ಹಾಸನದ ಆ ಹುಡುಗಿ ಹೇಳಿದಳು. "ರಿಫಂಡ್ ಭಾಗ ಡೆಡ್‌ಲೈನ್ ಒಳಗೆ ಆಗಲ್ಲ. ಬ್ಯಾಂಕಿನ ಕಡೆಯಿಂದ ಬರೋ ಡೇಟಾ ನಾವು ಅಂದುಕೊಂಡ ಹಾಗಿಲ್ಲ. ನಾನು ಮೂರು ರೀತಿ ನೋಡಿದೆ." ಧ್ವನಿ ಸ್ವಲ್ಪ ನಡುಗುತ್ತಿತ್ತು. ಮ್ಯಾನೇಜರ್ ಅವಳ ಕಡೆ ತಿರುಗಿ ಕೇಳಿದರು, "ತೋರಿಸಮ್ಮಾ, ಏನು ಬರ್ತಿದೆ?"

ಅವತ್ತು ರಾತ್ರಿಯ ಕಾಲ್‌ನಲ್ಲಿ ಗ್ರಾಹಕರಿಗೆ ಇದ್ದ ಹಾಗೆ ಹೇಳಿದೆವು. ಅವರಿಗೆ ಸಿಟ್ಟು ಬಂತು. ಕಾಂಟ್ರಾಕ್ಟಿನ ತಾರೀಖು ಬದಲಾಗಲಿಲ್ಲ. ಆದರೆ ಆ ತಾರೀಖಿಗೆ ಇನ್ನೂ ಏಳು ವಾರ ಇತ್ತು. ಎರಡು ದಿನ ಯೋಚಿಸಿ ಅವರು ವಾಪಸ್ ಬಂದರು. ರಿಫಂಡ್ ತಮಗೆ ಬೇಕೇ ಬೇಕು, ಪಟ್ಟಿಯಲ್ಲಿದ್ದ ನಾಲ್ಕು ರಿಪೋರ್ಟುಗಳನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳೋಣ ಅಂದರು. ಆ ನಾಲ್ಕು ರಿಪೋರ್ಟುಗಳ ಮೇಲೆ ನಮ್ಮ ಇಬ್ಬರು ಹುಡುಗರು ಆಗಲೇ ಕೆಲಸ ಶುರು ಮಾಡಬೇಕಿತ್ತು. ಅವರು ಎದ್ದು ಬಂದು ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡರು.